ಅರಕೇರಾಕ್ಕೆ ಬಂದ ಮೆಂಟಲ್ ಎಬಿಲಿಟಿ ಸರ್

ಮೊನ್ನೆ ನಮ್ಮ ಕಚೇರಿಯ ಮೀಟಿಂಗಿನಲ್ಲಿ ಯಾರೋ ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ದೇವದುರ್ಗದ ಆ ಕೋಣೆಯಲ್ಲಿ ಇರಲೇ ಇಲ್ಲ. ರಾಯಚೂರಿನ ಒಂದು ಮಹಡಿ, ತಗಡಿನ ಕೆಳಗೆ ಒತ್ತೊತ್ತಾಗಿ ಹಾಕಿದ ಬೆಂಚು, ಕಿರ್ರೆನ್ನುವ ಫ್ಯಾನು, ಬಿಳಿ ಬೋರ್ಡಿನ ಮುಂದೆ ಅಂಗಿಯ ತೋಳಿಗೆಲ್ಲ ಕರಿ ಬಣ್ಣ ಹಚ್ಚಿಕೊಂಡು ನಿಂತ ನಮ್ಮ ಸರ್...

ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುವ ಜಾಗ ಅದು. ಇತಿಹಾಸಕ್ಕೊಬ್ಬರು, ಸಂವಿಧಾನಕ್ಕೊಬ್ಬರು ಇದ್ದರು. ಇವರು ಮೆಂಟಲ್ ಎಬಿಲಿಟಿಗೆ. ಅಂದರೆ ಹೋಲಿಕೆ, ತರ್ಕ, ಒಂದಿಷ್ಟು ಲೆಕ್ಕ. ಅರಕೇರಾದಂಥ ಊರಿನಿಂದ ಡಿಗ್ರಿ ಮುಗಿಸಿ ಬಂದ ನನ್ನಂಥವರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಅದರದೇ. ಇತಿಹಾಸವನ್ನಾದರೂ ಬಾಯಿಪಾಠ ಮಾಡಬಹುದು. ತರ್ಕವನ್ನು ಎಲ್ಲಿಂದ ಬಾಯಿಪಾಠ ಮಾಡುವುದು?

ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. "ಜ್ವಾಳಕ್ಕ ರೊಟ್ಟಿ ಹ್ಯಾಂಗೋ, ಹತ್ತಿಗಿ ಏನು?" ಎಂದು ಕೇಳಿದರು. ಒಬ್ಬ ಬೀಜ ಎಂದ, ಒಬ್ಬಳು ಅರಳೆ ಎಂದಳು. ಹಿಂದಿನ ಬೆಂಚಿನಿಂದ ಯಾರೋ "ಹತ್ತಿಗಿ ರೇಟೇ ಇಲ್ರೀ ಸರ್" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್. ನಕ್ಕು ಮುಗಿಸಿ, "ಉತ್ತರ ಹುಡುಕಬ್ಯಾಡ್ರಿ. ಮೊದಲಿನ ಎರಡಕ್ಕೂ ಏನು ಸಂಬಂಧ ಅದ, ಅದನ್ನ ಒಂದು ವಾಕ್ಯ ಮಾಡಿ ಹೇಳ್ರಿ. ಜ್ವಾಳ ಬೀಸಿ, ಬಡಿದು, ಸುಟ್ಟು ನಾವು ಬಳಸೋ ರೊಟ್ಟಿ ಮಾಡ್ತೀವಿ. ಹತ್ತೀನ್ನ ಏನು ಮಾಡ್ತೀವಿ?" ಎಂದರು. ಇಡೀ ಕ್ಲಾಸು "ಬಟ್ಟಿ" ಎಂದಿತು. ನನ್ನ ಹೆದರಿಕೆ ಅವತ್ತೇ ಅರ್ಧ ಇಳಿಯಿತು.

ಆಮೇಲೆ ರಕ್ತಸಂಬಂಧದ ಪ್ರಶ್ನೆಗಳು ಬಂದವು. ಫೋಟೋ ತೋರಿಸಿ ಒಬ್ಬಳು ಹೀಗೆನ್ನುತ್ತಾಳೆ, ಅವನು ಅವಳಿಗೆ ಏನಾಗಬೇಕು ಎನ್ನುವಂಥವು. ಸರ್ ಬೆಂಚಿನಿಂದ ಬೆಂಚಿಗೆ ಕೇಳುತ್ತಾ ನನ್ನ ಹತ್ತಿರ ಬಂದರು. "ನಿಮ್ಮವ್ವನ ತಮ್ಮ ನಿನಗ ಏನಾಗಬೇಕು?"

ನಾನು ಯೋಚಿಸದೆ ಹೇಳಿಬಿಟ್ಟೆ. "ಗಂಡ ಆಗಬೇಕಂತ ಮನ್ಯಾಗ ಮಾತಾಡಾಕತ್ತಾರ್ರೀ."

ಕ್ಲಾಸು ನಗೆಯಲ್ಲಿ ಮುಳುಗಿಹೋಯಿತು. ನನ್ನ ಮುಖ ಕೆಂಪಾಯಿತು. ಆದರೆ ನಾನು ಹೇಳಿದ್ದು ನಿಜವೇ ಆಗಿತ್ತು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ. ಬೇಸಿಗೆಯಲ್ಲಿ ಮದುವೆ ಎಂದು ಅವ್ವನ ತಾಯಿ, ನಮ್ಮ ಅಜ್ಜಿ, ತೀರ್ಮಾನಿಸಿದ್ದಳು. ಮದುವೆಯಾದ ಮೇಲೆ ರಾಯಚೂರೂ ಇಲ್ಲ, ಪರೀಕ್ಷೆಯೂ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ... ಹೇಳುವ ಅಗತ್ಯ ಇರಲಿಲ್ಲ.

ಕ್ಲಾಸು ಮುಗಿದ ಮೇಲೆ ಸರ್ ಕರೆದರು. "ತಮಾಷಿಗಿ ಅಂದ್ಯೇನವಾ, ಖರೇನಾ?"

"ಖರೇ ರೀ."

"ನಿನಗ ಮನಸು ಅದ?"

"ಇಲ್ರೀ."

"ಮಾವಗ?"

"ಗೊತ್ತಿಲ್ರೀ. ಯಾರೂ ಕೇಳಿಲ್ಲ."

ಸರ್ ಬೋರ್ಡು ಒರೆಸಿದರು. "ಮಾಹಿತಿ ಸಾಲದು ಅಂತ ಒಂದು ಆಪ್ಷನ್ ಇರ್ತದ ನೋಡು, ಇದು ಅಂಥ ಲೆಕ್ಕ. ಕೇಳಲಾರದ ಬಿಡಿಸಾಕ ಬರೂದಿಲ್ಲ" ಎಂದರು. ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಅರಕೇರಾದ ಬಸ್ಸು ಹತ್ತಿಯೇಬಿಟ್ಟರು.

ಅವತ್ತು ನಮ್ಮ ಅಂಗಳದಲ್ಲಿ ಹುಣಸೆ ಬೀಜ ಬಿಡಿಸುವ ಕೆಲಸ ನಡೆದಿತ್ತು. ಪಟ್ಟಣದಿಂದ ಮೇಷ್ಟ್ರು ಬಂದರೆಂದು ಅಪ್ಪ ಹೊಲದಿಂದ ಓಡಿಬಂದ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತರು. ಮಾವನೂ ಇದ್ದ. ಅವನು ಮಾನ್ವಿಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಚಹಾ ಕುಡಿದು ಸರ್ ಉಪದೇಶ ಮಾಡುತ್ತಾರೆ, ಅಜ್ಜಿ ಬೈದು ಕಳಿಸುತ್ತಾಳೆ ಎಂದುಕೊಂಡು ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಸರ್ ಉಪದೇಶ ಮಾಡಲಿಲ್ಲ. ಕೈಗೆ ಸಿಕ್ಕ ಹುಣಸೆ ಬೀಜ ತೆಗೆದುಕೊಂಡು ನೆಲದ ಮೇಲೆ ಒಂದೊಂದಾಗಿ ಇಟ್ಟರು. "ಯವ್ವಾ, ಇದು ನೀವು. ಇದು ನಿಮ್ಮ ಮಗಳು, ಇದು ಅಳಿಯ, ಇದು ಮಗ, ಇದು ಮೊಮ್ಮಗಳು. ಯಾರ್ಯಾರಿಗಿ ಏನೇನು ಆಗಬೇಕು, ಒಬ್ಬೊಬ್ರ ಹೇಳ್ರಿ. ಎಲ್ಲಾರದೂ ಕೂಡಿ ಬರ್ತದೇನು ನೋಡೂಣು."

ಅಜ್ಜಿಗೆ ಆಟ ಹಿಡಿಸಿತು. ಸೀರೆ ಸರಿಮಾಡಿಕೊಂಡು ಮುಂದೆ ಬಂದು ಕೂತಳು. "ನನ್ನ ಮಗಂದು ಈ ವರ್ಷ ಮದುವಿ ಆಗಬೇಕು ಯಪ್ಪಾ. ಮತ್ತ ಈ ಹುಡುಗಿ ನನ್ನ ಕಣ್ಣ ಮುಂದ ಇರಬೇಕು. ಸಣ್ಣಾಕಿದ್ದಾಗಿಂದ ನಾನೇ ಬೆಳೆಸೀನಿ ಅಕೀನ್ನ."

ಅಪ್ಪ, "ನಮ್ಮತ್ತಿ ಮನಸು ನೋಯಬಾರ್ದು, ಅಷ್ಟೇ ರೀ" ಎಂದ.

ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಸರದಿ ಬಂದಾಗ ಸೆರಗಿನ ಅಂಚು ತಿರುವುತ್ತಾ, "ಅಕಿ ಪರೀಕ್ಷಿ ಬರೀಬೇಕ್ರಿ" ಎಂದಳು. ತನ್ನ ತಾಯಿಯ ಎದುರು ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾವ ಮಾತ್ರ ಬಾಯಿ ಬಿಡಲಿಲ್ಲ. ಸರ್ ಕಾದರು. ಕೊನೆಗೆ ಸರ್ ಹೆಂಡತಿಯೇ, "ಹೇಳಪ್ಪಾ, ಇಷ್ಟು ಮಂದಿ ಹೇಳ್ಯಾರ, ನಿಂದೊಂದು ಉಳಿದದ" ಎಂದರು.

"ಈಕಿನ್ನ ನಾ ಹೆಗಲ ಮ್ಯಾಲ ಹೊತ್ತು ತಿರುಗೀನ್ರಿ" ಎಂದ ಮಾವ, ನೆಲ ನೋಡುತ್ತಾ. "ನನಗ ಹ್ಯಾಂಗ ಮನಸು ಬರ್ತದ?" ಸ್ವಲ್ಪ ತಡೆದು, "ಮಾನ್ವ್ಯಾಗ ಒಬ್ಬಾಕಿ ಅದಾಳ್ರಿ" ಎಂದ.

 ಅಜ್ಜಿ ತಲೆ ಎತ್ತಿದಳು. "ಯಾರ ಪೈಕಿ?"

ಮಾವ ಹೇಳಿದ. ನೋಡಿದರೆ ಆ ಹುಡುಗಿಯ ಮನೆಯವರು ಅಜ್ಜಿಯ ತವರಿನ ಕಡೆಯ ಬಳಗ. ಬಂದು ಹೋಗುವುದು ನಿಂತಿತ್ತು, ಅಷ್ಟೇ. ಅಜ್ಜಿ ಮಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಅವರ ಮನಿ ಹುಡುಗಿ ಇದ್ರ ಇಷ್ಟು ದಿನ ಬಾಯಾಗ ಏನಿಟ್ಕೊಂಡಿದ್ದಿ ಲೇ?" ಎಂದಳು.

ಸರ್ ಮೆಲ್ಲಗೆ ಮಾವನ ಬೀಜ ಎತ್ತಿ ಬದಿಗಿಟ್ಟು, ಅದರ ಪಕ್ಕದಲ್ಲೊಂದು ಹೊಸ ಬೀಜ ಇಟ್ಟರು. ಮಗನ ಮದುವೆಯ ಲೆಕ್ಕ ಕೂಡಿತು. ಅವ್ವನ ಮಾತೂ ನಡೆಯಿತು. ಉಳಿದದ್ದು ಅಜ್ಜಿಯ ಎರಡನೇ ಮಾತು. ಅಜ್ಜಿ ಅದನ್ನು ಬಿಡುವವಳಲ್ಲ. "ಅಕಿ ರಾಯಚೂರಾಗ ಕುಂತ್ರ ನನ್ನ ಕಣ್ಣ ಮುಂದ ಹ್ಯಾಂಗ ಇರ್ತಾಳ?" ಎಂದು ಬೀಜಕ್ಕೆ ಬೆರಳಿಟ್ಟಳು.

ಸರ್ ಬಹಳ ಹೊತ್ತು ಆ ಬೀಜಗಳನ್ನೇ ನೋಡಿದರು. ಆಮೇಲೆ ತಲೆ ಎತ್ತಿ, "ಯವ್ವಾ, ಅಕಿ ಕಣ್ಣ ಮುಂದ ಇರಬೇಕು ಅಂದ್ರಿ. ಅರಕೇರಾದಾಗ ಇರಬೇಕು ಅಂತ ಎಲ್ಲಿ ಅಂದ್ರಿ?" ಎಂದರು.

 ಅಜ್ಜಿಯ ಹೊಟ್ಟೆ ಕುಲುಕತೊಡಗಿತು. ನಗು ಮೇಲೆ ಬಂದು, ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡು ಹೇಳಿದಳು. "ಹಂಗಾದ್ರ ಈ ಕಣ್ಣು ತಗೊಂಡು ನಾನೇ ಬರ್ತೀನಿ ತಗೋ."

ಮಾವನ ಮದುವೆ ಆ ಬೇಸಿಗೆಯಲ್ಲೇ ಮಾನ್ವಿಯಲ್ಲಿ ಆಯಿತು. ಸರ್ ದಂಪತಿಯನ್ನು ಅಜ್ಜಿ ತನ್ನ ಪಕ್ಕದಲ್ಲೇ ಕೂಡಿಸಿಕೊಂಡು, ಬಂದವರಿಗೆಲ್ಲ "ಈ ಮದುವಿ ಕೂಡಿಸಿದವರು ಇವರೇ" ಎಂದು ಹೇಳುತ್ತಿದ್ದಳು. ಸರ್ ನಾಚಿಕೊಂಡು ಹೋಳಿಗೆಯ ಮೇಲೆ ಹೋಳಿಗೆ ತಿಂದರು.

ಅಜ್ಜಿ ನಿಜವಾಗಿಯೂ ರಾಯಚೂರಿಗೆ ಬಂದಳು. ರೊಟ್ಟಿ ಹಂಚು, ಖಾರದ ಪುಡಿ, ಹೊದೆಯಲು ಒಂದು ಕೌದಿ, ಇಷ್ಟೇ ಅವಳ ಸಾಮಾನು. ನಾನಿದ್ದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬೇಸರವೆಂದು ಕೆಲವು ಸಂಜೆ ಕ್ಲಾಸಿಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅಪ್ಪನ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು ಎಂದು ಸರ್ ಶುರುಮಾಡಿದರೆ, "ಆ ಅಪ್ಪನ್ನೇ ಕೇಳಿದ್ರ ಹೇಳ್ತಿದ್ದನಲ್ಲ" ಎನ್ನುತ್ತಿದ್ದಳು. ಎರಡು ರೈಲು ಎದುರುಬದುರಾಗಿ ಬರುತ್ತವೆ ಎಂದರೆ, ಯಾವ ಊರಿನ ರೈಲು, ಜನ ಉಳಿದರಾ ಎಂದು ಗಾಬರಿಯಾಗುತ್ತಿದ್ದಳು. ಸರ್ ಆ ರೈಲುಗಳನ್ನು ಬೇರೆ ಬೇರೆ ಹಳಿಯ ಮೇಲೆ ಹಾಕಿದ ಮೇಲೆಯೇ ಲೆಕ್ಕ ಮುಂದುವರಿಸುತ್ತಿದ್ದರು. ಅಷ್ಟು ನಗುತ್ತಾ ಕಲಿತದ್ದು ಮರೆಯುವುದು ಹೇಗೆ? ಪರೀಕ್ಷೆಯ ಕೋಣೆಯಲ್ಲಿ ರೈಲಿನ ಪ್ರಶ್ನೆ ಕಂಡಾಗ ನನಗೆ ಹೆದರಿಕೆಯ ಬದಲು ನಗು ಬಂದಿತ್ತು.

ಆಯ್ಕೆಯಾದವರಲ್ಲಿ ನಾನಿದ್ದೆ. ಸುದ್ದಿ ಹೇಳಲು ಹೋದಾಗ ಸರ್ ಪಾಠ ಮಾಡುತ್ತಿದ್ದರು. ನನ್ನ ಮುಖ ನೋಡಿಯೇ ತಿಳಿಯಿತು ಅವರಿಗೆ. ಬೋರ್ಡಿನ ಪೆನ್ನನ್ನು ನನ್ನ ಕೈಗೆ ಕೊಟ್ಟು ತಾವು ಹೋಗಿ ಬೆಂಚಿನಲ್ಲಿ ಕೂತರು. ಅವತ್ತಿನ ಉಳಿದ ಪಾಠ ನಾನೇ ಮಾಡಿದೆ. ತಪ್ಪಿದಲ್ಲಿ ಅವರು ವಿದ್ಯಾರ್ಥಿಯಂತೆ ಕೈ ಎತ್ತುತ್ತಿದ್ದರು.

ನನಗೆ ದೇವದುರ್ಗದಲ್ಲಿ ಕೆಲಸವಾಯಿತು. ವರ್ಷಗಳು ಸರಿದವು. ಹಬ್ಬಕ್ಕೊಂದು ಫೋನು, ಅಪರೂಪಕ್ಕೊಂದು ಭೇಟಿ... ಹೋದ ಚಳಿಗಾಲದಲ್ಲಿ ಅವರು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಹೋಗಿಬಂದೆ. ಜನರ ಗದ್ದಲದಲ್ಲಿ ಯಾರೊಂದಿಗೂ ಮಾತಾಡಲಾಗಲಿಲ್ಲ.

ಮೀಟಿಂಗು ಮುಗಿದ ಆ ವಾರವೇ ರಾಯಚೂರಿಗೆ ಹೋಗಿ ಅವರ ಮನೆಯ ಬಾಗಿಲು ತಟ್ಟಿದೆ. ಅವರ ಹೆಂಡತಿ ಚಹಾ ಮಾಡಿಕೊಟ್ಟರು. ನಾವು ಅರಕೇರಾದ ಅಂಗಳ ನೆನೆದು ನಕ್ಕೆವು. ಆಗ ಅವರು, ನನಗೆ ಗೊತ್ತಿರದಿದ್ದ ಒಂದು ಮಾತು ಹೇಳಿದರು.

"ಅವತ್ತು ಬಸ್ಸಿನ್ಯಾಗ ಹೋಗೂಮುಂದ ಅವರ ಕೈ ಥಂಡಗಾಗಿತ್ತವಾ. ಹೋಗಿ ಏನು ಮಾಡ್ತೀರಿ ಅಂದೆ. ಏನೂ ತಿಳೀವಲ್ದು, ಆದ್ರ ಹೋಗಲಾರದ ಇರಾಕ ಆಗೂದಿಲ್ಲ ಅಂದ್ರು."

ನಾನು ಇಷ್ಟು ವರ್ಷ ಅವರು ಉತ್ತರ ಗೊತ್ತಿದ್ದೇ ಬಂದಿದ್ದರು ಎಂದುಕೊಂಡಿದ್ದೆ. ಲೋಟ ಕೆಳಗಿಟ್ಟೆ. ಗೋಡೆಯ ಮೇಲಿನ ಅವರ ಫೋಟೋಕ್ಕೆ ತಾಜಾ ಹೂವು ಹಾಕಿದ್ದರು. ಅವರ ಹೆಂಡತಿ ನನ್ನ ಪಕ್ಕಕ್ಕೆ ಸರಿದು ಕೂತರು. ಹೊರಗೆ ಬಿಸಿಲು ಇಳಿಯುವವರೆಗೆ ನಾವಿಬ್ಬರೂ ಹಾಗೇ ಇದ್ದೆವು.