ಎಂಟನೇ ತೂಬಿನ ಮೂರು ತಾಸು

ಆಪಾ ಅವರ ಬಲಗೈ ಹೆಬ್ಬೆರಳು ಸದಾ ಕಪ್ಪು. ಕಚೇರಿಯ ಹಳೇ ಪ್ರಿಂಟರಿನ ರಿಬ್ಬನ್ ಒಣಗಿದಾಗಲೆಲ್ಲ ಅದರ ಮೇಲೆ ಶಾಯಿಯ ನಾಲ್ಕು ಹನಿ ಬಿಟ್ಟು, ಹೆಬ್ಬೆರಳಿನಿಂದ ತೀಡಿ ತೀಡಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದರು. ಈದ್‌ಗೆ ಎರಡೂ ಕೈ ತುಂಬ ಮೆಹಂದಿ ಹಾಕಿಕೊಂಡರೂ ಆ ಒಂದು ಬೆರಳು ಮಾತ್ರ ಕೆಂಪಾಗುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಅದಕ್ಕೆ ಕೋಬಾಲ್ ಮೆಹಂದಿ ಹತ್ತಿದೆ, ತೊಳೆದರೆ ಹೋಗುವುದಲ್ಲ ಎಂದು ನಗುತ್ತಿದ್ದರು.

ಕೋಬಾಲ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಹಳೇ ಭಾಷೆ. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು, ಹೈದರಾಬಾದಿನಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಆಪಾ ಅದನ್ನು ಕಲಿತು ಬಂದಿದ್ದರು. ಮಾನ್ವಿಯಲ್ಲಿ ಕಾಲುವೆ ನೀರಿನ ಪಾಳಿ ಹಂಚುವ ಒಂದು ಸಂಘದ ಕಚೇರಿಯಲ್ಲಿ ಅವರಿಗೆ ಕೆಲಸ, ಅಲ್ಲಿ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಯಾವ ತೂಬಿಗೆ ಯಾವತ್ತು, ಎಷ್ಟು ಗಂಟೆಗೆ, ಎಷ್ಟು ತಾಸು ನೀರು ಎಂಬ ಪಟ್ಟಿಯನ್ನು ಅವರು ಬರೆದ ಪ್ರೋಗ್ರಾಮೇ ಮೂವತ್ತು ವರ್ಷದಿಂದ ತಯಾರಿಸುತ್ತಿತ್ತು. ಆ ಪಟ್ಟಿ ಕಾಲುವೆ ಹಾಯುವ ಊರು ಪೋತ್ನಾಳದ ಫಲಕಕ್ಕೆ ಹಚ್ಚಿದರೆ ಮುಗಿಯಿತು, ಒಂದು ಸುತ್ತು ಪೂರ್ತಿಯಾಗುವ ತನಕ ಯಾರು ಬಂದು ಅಂಗಲಾಚಿದರೂ ಅದರಲ್ಲಿ ಒಂದು ಅಕ್ಷರ ಬದಲಾಗುವಂತಿರಲಿಲ್ಲ.

ಆ ಪ್ರೋಗ್ರಾಮನ್ನು ಹೊಸ ಭಾಷೆಗೆ ತರಲು ಕರೆಸಿದ್ದು ನನ್ನನ್ನು. ನಮ್ಮೂರು ದೇವದುರ್ಗದ ಕಡೆ ಅರಕೇರಾ. ಅವ್ವ ಕೂಲಿ ಮಾಡಿ ಓದಿಸಿದ್ದಳು, ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿದ್ದೆ, ಮೈತುಂಬ ಹುರುಪು. ಹಳೇ ಕಂಪ್ಯೂಟರು ಆಗಲೇ ಏದುಸಿರು ಬಿಡುತ್ತಿತ್ತು. ಅದು ಕಣ್ಣು ಮುಚ್ಚುವುದರೊಳಗೆ ಕೆಲಸ ಮುಗಿಸಬೇಕಿತ್ತು.

ಮೊದಲ ದಿನ ಆಪಾ ಪ್ರೋಗ್ರಾಮನ್ನು ನನಗೆ ತೋರಿಸಲೇ ಇಲ್ಲ, ಓದಿ ಹೇಳಿದರು. ಇಂಗ್ಲಿಷ್ ಪದಗಳ ನಡುವೆ ಪಾಳಿ, ತೂಬು, ತಾಸು ಎಂಬ ನಮ್ಮವೇ ಹೆಸರುಗಳು! ನನಗೋ ಕುಣಿಯುವಷ್ಟು ಖುಷಿ. ಒಂದೊಂದು ಸಾಲೂ ಮನುಷ್ಯರು ಮಾತಾಡಿದ ಹಾಗೆ, ಕೊನೆಗೆ ತಪ್ಪದೆ ಒಂದು ಚುಕ್ಕಿ. ಆ ಚುಕ್ಕಿ ಮರೆತರೆ ಎಲ್ಲ ಅಡಿಮೇಲು. ಊಟಕ್ಕೆ ಎದ್ದಾಗಲೂ ಆಪಾ ಮಾತಿನ ಕೊನೆಗೆ "ಚುಕ್ಕಿ" ಎನ್ನುತ್ತಿದ್ದರು. "ಇವತ್ತ ಬದನಿಕಾಯಿ ಪಲ್ಯ ತಂದೀನಿ, ಚುಕ್ಕಿ." ಅಂದರೆ ಆ ವಿಷಯದಲ್ಲಿ ಮುಂದೆ ಚರ್ಚೆ ಇಲ್ಲ, ಡಬ್ಬಿ ತೆಗೆದು ಉಣ್ಣಬೇಕು.

ನಾನು ಒಂದೊಂದೇ ಭಾಗ ಬದಲಿಸುತ್ತ ಹೋದೆ. ಒಂದು ಭಾಗ ಮುಗಿದ ಕೂಡಲೇ ಆಪಾ ಹಳೇ ಪ್ರೋಗ್ರಾಮಿನ ಪಟ್ಟಿ ಒಂದು, ನನ್ನದೊಂದು ಅದೇ ಪ್ರಿಂಟರಿನಲ್ಲಿ ಮುದ್ರಿಸಿ, ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ಬಿಸಿಲಿಗೆ ಎರಡೂ ಹಾಳೆಯ ಅಕ್ಷರ ಕೂಡಿ ಒಂದೇ ಆಗಿ ಕಂಡರೆ ಸರಿ. ಎಲ್ಲಾದರೂ ಕರ್ರಗೆ ಕಲಸಿಕೊಂಡಿದ್ದರೆ ಅಲ್ಲಿ ತಪ್ಪು. ಕಂಪ್ಯೂಟರೇ ಇದನ್ನು ಕ್ಷಣದಲ್ಲಿ ತಾಳೆ ನೋಡುತ್ತದೆ ಎಂದು ನಾನು ಹೇಳಿ ಹೇಳಿ ಸಾಕಾದೆ. ಅವರು ಕೇಳಲಿಲ್ಲ. ನೀನು ಹೇಳಿದ್ದನ್ನು ಕೇಳಿದ ಕಂಪ್ಯೂಟರು ನಿನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎನ್ನುವುದು ಅವರ ವಾದ.

ಹೀಗೆ ಸಾಗುವಾಗ ನನಗೆ ಆ ಸಾಲು ಸಿಕ್ಕಿತು. ತೂಬು ಎಂಟಾದರೆ ಶುರುವಿನ ತಾಸಿಗೆ ಮೂರು ಕೂಡಿಸು, ಚುಕ್ಕಿ. ಯಾಕೆ ಎನ್ನುವುದಕ್ಕೆ ಪಕ್ಕದಲ್ಲಿ ಒಂದು ಟಿಪ್ಪಣಿಯೂ ಇಲ್ಲ. ಪಟ್ಟಿ ತೆಗೆದು ನೋಡಿದೆ. ಏಳನೇ ತೂಬು ಬೆಳಿಗ್ಗೆ ಎಂಟಕ್ಕೆ ಮುಚ್ಚಿದರೆ, ಕೊನೆಯದಾದ ಎಂಟನೆಯದರ ಪಾಳಿ ಶುರುವಾಗುವುದು ಹನ್ನೊಂದಕ್ಕೆ. ನಡುವಿನ ಮೂರು ತಾಸಿನ ನೀರು ಯಾರ ಹೆಸರಿಗೂ ಇಲ್ಲ! ಮೂವತ್ತು ವರ್ಷದಿಂದ ಸುತ್ತು ಸುತ್ತಿಗೂ ಮೂರು ತಾಸು ಹಾಳು ಎಂದುಕೊಂಡೆ. ಆ ಸಾಲು ಕಿತ್ತು ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಆಪಾಗೂ ಹೇಳದೆ ಸಂಘದ ಅಧ್ಯಕ್ಷರ ಮುಂದೆ ಓಡಿಹೋಗಿ ವರದಿ ಒಪ್ಪಿಸಿದೆ. ಅವರಿಗೂ ಹಿಗ್ಗೋ ಹಿಗ್ಗು. ಉಳಿದ ತಾಸುಗಳನ್ನು ಮೇಲಿನ ತೂಬುಗಳಿಗೆ ಹಂಚೋಣ, ಸೋಮವಾರ ಹೊಸ ಪಟ್ಟಿ ಹಚ್ಚಿಬಿಡಿ ಎಂದರು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಪಾ ಎರಡು ಹಾಳೆ ಕಿಟಕಿಗೆ ಹಿಡಿದರು. ಕೊನೆಯ ಸಾಲು ಕರ್ರಗೆ ಕಲಸಿತ್ತು. ನಾನು ಬೀಗುತ್ತ ನನ್ನ ಶೋಧ ವಿವರಿಸಿದೆ. ಅವರು ಬೈಯುತ್ತಾರೆ ಅಥವಾ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ, ಎರಡೂ ಇಲ್ಲ. ಹಾಳೆ ಮಡಚಿ ಬ್ಯಾಗಿಗೆ ಇಟ್ಟುಕೊಂಡು ಕೇಳಿದರು:

"ಎಂಟನೇ ತೂಬು ನೋಡೀಯೇನು ಬೇಟಿ?"

"ಇಲ್ರಿ ಆಪಾ. ನಕಾಶಿಯೊಳಗ ನೋಡೀನಿ."

"ನಾಳಿ ಅದರ ಪಾಳಿ ಅದ. ಮುಂಜಾನಿ ಬಸ್ಸಿಗೆ ಬಾ."

ಕಾರಣ ಇಲ್ಲೇ ಹೇಳಿಬಿಡಿ ಎಂದು ಗೋಗರೆದೆ. "ಹೇಳಿದ್ರ ನಂಬ್ತಿ, ನೋಡಿದ್ರ ಮರಿಯಂಗಿಲ್ಲ. ಚುಕ್ಕಿ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಶನಿವಾರ ಬೆಳಿಗ್ಗೆ ಪೋತ್ನಾಳದಲ್ಲಿ ಇಳಿದು ಕಾಲುವೆ ದಂಡೆ ಹಿಡಿದು ನಡೆದೆವು. ಎಂಟಕ್ಕೆ ಸರಿಯಾಗಿ ಕಾಲುವೆ ಕಾಯುವ ಗ್ಯಾಂಗ್‌ಮನ್ ಏಳನೇ ತೂಬು ಮುಚ್ಚಿದ. ನಾನು ಮೊಬೈಲಿನಲ್ಲಿ ಗಡಿಯಾರ ಶುರು ಮಾಡಿದೆ. ಒಣಗಿದ ಕಾಲುವೆಯಲ್ಲಿ ನೀರು ಕಸಕಡ್ಡಿ ತಳ್ಳಿಕೊಂಡು ಮುಂದೆ, ನಾನು ದಂಡೆಯ ಮೇಲೆ ಅದರ ಜೊತೆ ಜೊತೆಗೆ. ಮಳೆ ಬಂದರೆ ಬೆಳೆ ಎನ್ನುವ ಊರಿನವಳು ನಾನು, ನೀರು ಹೀಗೆ ಹೇಳಿದ ಹೊತ್ತಿಗೆ ಹೇಳಿದ ದಾರಿಯಲ್ಲಿ ನಡೆದುಬರುವುದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಖುಷಿಗೆ ಓಡತೊಡಗಿದೆ. ಆಪಾ ಹಿಂದಿನಿಂದ ಬುರ್ಖಾ ಎತ್ತಿ ಹಿಡಿದು, ನಿಧಾನ ಹೋಗು, ಅದೆಲ್ಲಿಗೂ ಓಡಿಹೋಗುವುದಿಲ್ಲ ಎಂದು ಕೂಗುತ್ತಿದ್ದರು.

ನಿಜಕ್ಕೂ ಅದು ಎಲ್ಲಿಗೂ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಕಾಲುವೆಯ ತಳ ಕುಸಿದು ದೊಡ್ಡದೊಂದು ತಗ್ಗು ಬಿದ್ದಿತ್ತು. ಯಾವ ಕಾಲಕ್ಕೋ ಮಣ್ಣು ತೆಗೆದ ಜಾಗವಂತೆ, ನಕಾಶೆಯಲ್ಲಿ ಮಾತ್ರ ಗೆರೆ ನೆಟ್ಟಗಿದೆ. ನೀರು ಅದರೊಳಗೆ ಇಳಿಯಿತು, ಇಳಿಯುತ್ತಲೇ ಇತ್ತು. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಗ್ಗು ತುಂಬಿ, ಅಂಚು ದಾಟಿ, ನೀರು ಎಂಟನೇ ತೂಬಿನ ಕಡೆ ಹೊರಟಿತು. ಮೂರು ತಾಸು! ನನ್ನ ಪಟ್ಟಿಯ ಪ್ರಕಾರ ಅಷ್ಟರಲ್ಲಿ ಅವರ ಒಂಬತ್ತು ತಾಸಿನ ಪಾಳಿಯಲ್ಲಿ ಮೂರು ಮುಗಿದೇ ಹೋಗಿರುತ್ತಿತ್ತು, ಒಂದು ಹನಿ ನೀರೂ ಬಾರದೆ.

ತೂಬಿನ ಹತ್ತಿರ ಸಲಿಕೆ ಹಿಡಿದ ಮುದುಕಿಯೊಬ್ಬಳು ಕಾಯುತ್ತಿದ್ದಳು. ಆಪಾನ ಗುರುತು ಹಿಡಿದು ಬೊಚ್ಚುಬಾಯಿ ತೆರೆದು ನಕ್ಕಳು. ಪಾಳಿ ಬಂದಾಗ ಬೀಗರು ಬಂದರೂ ಹೊಲ ಬಿಡಬಾರದು, ಇಲ್ಲದಿದ್ದರೆ ನಿಮ್ಮನ್ನು ಮನೆಗೆ ಕರೆದೊಯ್ದು ಚಹಾ ಕೊಡುತ್ತಿದ್ದೆ ಎಂದು ಪೇಚಾಡಿಕೊಂಡಳು. ನಾನು ಯಾರು, ಏನು ಮಾಡಿದ್ದೇನೆ ಎಂದು ಆಪಾ ತಿಳಿಸಿದಾಗ ಮುದುಕಿ ನನ್ನ ಮುಖ ನೋಡಿ ಹೇಳಿದಳು:

"ಇಕಿನೂ ಮೊದಲ ಹಂಗಾ ಮಾಡಿದ್ಲವ್ವ. ಸಸಿ ಮಡಿ ಒಣಗಿ ಹೋಯ್ತು. ಒಂದ್ ಹಿಡಿ ಕಿತಗೊಂಡು ಹೋಗಿ ಇಕಿ ಮಷೀನಿನ ಮ್ಯಾಲ ಇಟ್ಟು ಬಂದೆ. ಮರುದಿನ ಇಲ್ಲೇ ಬಂದು ನಿಂತಿದ್ಲು."

ಆಪಾ ಕಾಲುವೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, ಇಷ್ಟು ದೊಡ್ಡ ಸಂಗತಿಯನ್ನು ಆ ಸಾಲಿನ ಪಕ್ಕ ಒಂದು ಮಾತು ಬರೆದಿಡಬಾರದಿತ್ತೇ ಎಂದು. ಅವರು ತಮ್ಮ ಕರೀ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು.

"ಬರದ್ರ ನನ್ನ ತಪ್ಪೂ ಬರೀಬೇಕಾಗ್ತಿತ್ತು. ನಾಚಿಕಿ ಬಂತು" ಎಂದರು. "ಮೂವತ್ತು ವರ್ಷ ಮುಚ್ಚಿಟ್ಟೆ. ನೀ ಮುಚ್ಚಿಡಬ್ಯಾಡ."

ಎಷ್ಟು ಜನ ಹಿರಿಯರು ಕಿರಿಯರ ಮುಂದೆ ಹೀಗೆ ಒಪ್ಪಿಕೊಳ್ಳುತ್ತಾರೆ? ನನಗೆ ಕಣ್ಣು ತುಂಬಿ ಬಂತು. ಸೋಮವಾರ ಅಧ್ಯಕ್ಷರ ಮುಂದೆ ನಿಂತು, ತಪ್ಪು ನನ್ನದು ಎಂದೆ. ಅವರ ಮುಖ ಹುಳ್ಳಗಾಯಿತು, ಆದರೆ ಸಹಿ ಬಿದ್ದದ್ದು ಹಳೇ ತಾಸಿನ ಪಟ್ಟಿಗೇ. ಹೊಸ ಪ್ರೋಗ್ರಾಮಿನಲ್ಲಿ ಆ ಸಾಲಿನ ಮೇಲೆ ಈಗ ಏಳು ಸಾಲಿನ ಟಿಪ್ಪಣಿ ಇದೆ: ತಗ್ಗು, ಸಸಿಮಡಿ, ಆಪಾನ ತಪ್ಪು, ನನ್ನ ತಪ್ಪು, ಪೋತ್ನಾಳಕ್ಕೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎನ್ನುವುದೂ ಸಹ. ಆಪಾ ಅದನ್ನು ಎರಡು ಸಲ ಓದಿ, ಕೊನೆಗೆ ಚುಕ್ಕಿ ಮರೆತಿದ್ದೀಯ ಎಂದರು. ಹೊಸ ಭಾಷೆಗೆ ಚುಕ್ಕಿ ಬೇಕಿಲ್ಲ. ಆದರೂ ಇಟ್ಟೆ.

ಹಳೇ ಕಂಪ್ಯೂಟರು ಅದಾದ ತಿಂಗಳಿಗೇ ನಿಂತಿತು. ಆಪಾ ನಿವೃತ್ತರಾದ ಮೇಲೂ ಸುತ್ತಿಗೊಮ್ಮೆ ಬಂದು ಹಿಂದಿನ ಸುತ್ತಿನ ಹಾಳೆ, ಹೊಸ ಹಾಳೆ ಎರಡನ್ನೂ ಕಿಟಕಿಗೆ ಹಿಡಿದು ಹೋಗುತ್ತಿದ್ದರು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎದೆನೋವು ಎಂದವರು ಬೆಳಗಿಗೆ ಇರಲಿಲ್ಲ. ಮಾನ್ವಿಯ ಅವರ ಮನೆಯ ಅಂಗಳದಲ್ಲಿ ಹೆಂಗಸರ ನಡುವೆ ಕೂತು ನಾನು ಅಳುತ್ತಿದ್ದೆ. ಒಂಬತ್ತೂವರೆಯ ಸುಮಾರಿಗೆ ಬಾಗಿಲಲ್ಲಿ ಆ ಮುದುಕಿ ಕಾಣಿಸಿದಳು, ಕಾಲಿಗೆ ಹಸಿ ಕೆಸರು. ಸುದ್ದಿ ಗ್ಯಾಂಗ್‌ಮನ್‌ನ ಫೋನಿನಿಂದ ಮುಟ್ಟಿತ್ತಂತೆ. ಅವತ್ತು ಎಂಟನೇ ತೂಬಿನ ಪಾಳಿ. ಪಟ್ಟಿ ಮಾಡಿದವಳು ನಾನೇ, ನನಗೆ ಗೊತ್ತಿಲ್ಲವೇ?

"ಯವ್ವಾ, ಇವತ್ತ ನಿನ್ನ ಪಾಳಿ ಅದ. ಬಿಟ್ಟು ಬಂದೀಯಲ್ಲ" ಎಂದೆ.

ಮುದುಕಿ ಆಪಾನ ಬಳಿ ಕೂತು, ಆ ಕರೀ ಹೆಬ್ಬೆರಳು ಇದ್ದ ಕೈಯನ್ನು ಬಟ್ಟೆಯ ಮೇಲಿಂದಲೇ ಮುಟ್ಟಿದಳು.

"ಬಿಟ್ಟಿಲ್ಲವ್ವ. ತಗ್ಗು ತುಂಬಾಕ ಇನ್ನಾ ಹೊತ್ತು ಅದ" ಎಂದಳು. "ಆ ಮೂರು ತಾಸು ಇಕೀವೇ ಅಲ್ಲೇನು?"