ಟವೆಲಿನ ಕೆಳಗೆ ಫೋನು

ನೋಡ್ರಪ್ಪಾ, ಶ್ರೀನಿವಾಸಪುರದ ನಮ್ಮ ಮಾವಿನ ಮಂಡಿಯೂ ಇವತ್ತು ಆನ್‌ಲೈನ್ ಆಯಿತು. ಬರೀ ಹೆದರಿಕೆಗೆ ಆದದ್ದು.

ನಮ್ಮ ಮಾವ ಈಗಲೂ ರೇಟು ಕುದುರಿಸುವುದು ಟವೆಲಿನ ಕೆಳಗೆ, ವ್ಯಾಪಾರಿಯ ಬೆರಳು ಹಿಡಿದು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಹರಾಜನ್ನು ಆ್ಯಪ್‌ಗೆ ಹಾಕೋಣ ಎಂದಾಗಲೆಲ್ಲ ನನ್ನನ್ನು ಬೈದವರು, ಬೆಳಿಗ್ಗೆ ತಾವೇ ಫೋನನ್ನು ನನ್ನ ಕೈಗಿಟ್ಟರು.

"ಎದುರು ಮಂಡಿಯೋನು ಫೋನಲ್ಲಿ ಹಾಕ್ಬಿಟ್ಟವನೆ ಕಣಮ್ಮ. ಒಬ್ಬ ವ್ಯಾಪಾರಿನೂ ಈ ಕಡೆ ತಲೆ ಹಾಕಿಲ್ಲ ನೋಡು."

ಮಂಡಿ ತುಂಬ ಹಣ್ಣಾಗುತ್ತಿರುವ ಬಾದಾಮಿ ಮಾವಿನ ರಾಶಿ. ಮಂಡಿಯ ಹೆಸರು ನೋಂದಾಯಿಸಿ ರಾಶಿಯ ಫೋಟೊ ಹಾಕಿದೆ. ಯಾವುದೋ ದೂರದ ಊರಿನವರ ರೇಟು ಬಂತು. ಮಾವ ಹೆಗಲ ಮೇಲಿನ ಟವೆಲ್ ಎಳೆದು ಫೋನಿಗೆ ಹೊದಿಸಿದರು.

"ರೇಟು ಎಲ್ರಿಗೂ ಕಾಣ್ತೈತೆ."

"ಕಾಣ್ಲಿ ಅಂತಾನೇ ಇರೋದು ಮಾವ."

ಮಾವ ಟವೆಲನ್ನು ಇನ್ನೊಂದು ಮಡಿಕೆ ಹೊದಿಸಿದರು.

ಅಷ್ಟರಲ್ಲಿ ಎದುರು ಮಂಡಿಯ ಯಜಮಾನರೇ ಏದುಸಿರು ಬಿಡುತ್ತ ಬಂದರು.

"ಏನಣ್ಣ, ನೀನು ಫೋನಿಗೆ ಹಾಕ್ತಿದೀಯ ಅಂತ ಸುದ್ದಿ ಬಂತು. ಭಯ ಆಗೋಯ್ತು. ನಾನೂ ಈಗ ತಾನೇ ಹಾಕ್ಬಿಟ್ಟೆ."

"ನೀನು ಮೊದ್ಲೇ ಹಾಕಿರ್ಲಿಲ್ವಾ?"

"ಇಲ್ಲಣ್ಣ."

"ಮತ್ತೆ ವ್ಯಾಪಾರಿಗಳೆಲ್ಲಿ?"

"ರಾಯಲ್ಪಾಡು ರಸ್ತೇಲಿ ಲಾರಿ ಮಗುಚಿ ಬಿದ್ದೈತಂತೆ. ಎಲ್ರೂ ಅಲ್ಲೇ ನಿಂತವ್ರೆ."

ಈಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಆ್ಯಪ್ ತೆಗೆದುಬಿಡೋಣ ಎಂದು ಒಪ್ಪಿಕೊಂಡಿದ್ದಾರೆ. ಮೊದಲು ನೀನು ತೆಗಿ ಎಂದು ಇಬ್ಬರೂ ಹೇಳುತ್ತಿದ್ದಾರೆ. ರೇಟಿನ ಮೇಲೆ ರೇಟು ಬಂದು ಎರಡು ಫೋನೂ ಒಂದೇ ಟವೆಲಿನ ಕೆಳಗೆ ಟಿಣ್ ಟಿಣ್ ಅನ್ನುತ್ತಿವೆ. ಟವೆಲ್ ಎತ್ತುವ ಧೈರ್ಯ ಮಾತ್ರ ಯಾರಿಗೂ ಇಲ್ಲ, ನನಗೂ.