ಹೂವಿನಂತೆ ಹಗುರವಾದ ಎರಡು ಗರಗಸಗಳು

ಬೆಳಿಗ್ಗೆ ನಾನು ಕಾಫಿ ಕುಡಿದು ಲೋಟ ಕೆಳಗಿಡುವುದಕ್ಕೂ ಬೀದಿಯ ತುದಿಯಲ್ಲಿ ಮರ ಕೊಯ್ಯುವ ಮಿಷನ್ನು ಶುರುವಾಗುವುದಕ್ಕೂ ಸರಿಹೋಯಿತು. ಮಳೆಗಾಲಕ್ಕೆ ಮುಂಚೆ ಕರೆಂಟಿನ ತಂತಿಗೆ ತಾಗುವ ಕೊಂಬೆಗಳನ್ನು ಸವರುವುದು ನಮ್ಮ ಸಾಗರದಲ್ಲಿ ಪ್ರತಿ ವರ್ಷದ ಕೆಲಸ. ಆ ಸದ್ದಿಗೆ ನಾನು ಒಗ್ಗಿದ್ದೇನೆ. ಒಗ್ಗದೆ ಉಳಿದಿರುವುದು ವಾಸನೆಗೆ. ಪೆಟ್ರೋಲು ಮತ್ತು ಎಣ್ಣೆ ಒಟ್ಟಿಗೆ ಸುಟ್ಟ ಹೊಗೆ ಮೊದಲು ಬರುತ್ತದೆ, ಹಿಂದೆಯೇ ಹಸಿ ಹಲಸಿನ ಮರದ ಸಿಹಿ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಇಷ್ಟು ಸೆಕೆಯಲ್ಲಿ ಕಿಟಕಿ ಯಾಕೆ ಮುಚ್ಚಿದಿರಿ ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಧೂಳು ಎಂದೆ. ಧೂಳೇನೂ ಇರಲಿಲ್ಲ. ಅವಳಿಗೆ ಹೇಳದ ನಿಜವನ್ನು ನಿಮಗೆ ಹೇಳಿಬಿಡುತ್ತೇನೆ, ನೀವು ನಾಳೆ ಬೆಳಿಗ್ಗೆ ನನಗೆ ಕಾಫಿ ಮಾಡಿಕೊಡಬೇಕಾದವರಲ್ಲವಲ್ಲ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು. ಕೈಯಲ್ಲಿ ಹಿಡಿದ ಅತ್ಯಂತ ಅಪಾಯಕಾರಿ ಆಯುಧವೆಂದರೆ ಕೆಂಪು ಪೆನ್ನು. ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಹೆಚ್ಚುವಾಗಲೂ ನನ್ನನ್ನು ಆ ಕಡೆ ಸುಳಿಯಗೊಡುವುದಿಲ್ಲ. ಹೀಗಿದ್ದೂ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಚೈನ್ ಸಾ ಕೊಳ್ಳಲು ಹೊರಟವರೆಲ್ಲ ನನ್ನ ವಾಕ್ಯಗಳನ್ನು ಓದಿಯೇ ಕೊಳ್ಳುತ್ತಿದ್ದ ಒಂದು ಕಾಲವಿತ್ತು.

ಅದು ಶುರುವಾದದ್ದು ಸಾಗರದ ಒಬ್ಬ ಹಾರ್ಡ್‌ವೇರ್ ಅಂಗಡಿಯವರಿಂದ. ಅವರು ಹಳದಿ ಬಣ್ಣದ ಮಿಷನ್ನಿನ ಮಾರಾಟ ಹಿಡಿದಿದ್ದರು. ಕಂಪನಿಯವರು ಕಳಿಸಿದ್ದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಒಂದು ಪೊಟ್ಟಣ ಸಿಹಿ ಹಿಡಿದು ಬಂದು, ನಮ್ಮ ಜನಕ್ಕೆ ಅರ್ಥವಾಗುವ ಹಾಗೆ ಒಂದು ಕರಪತ್ರ ಬರೆದುಕೊಡಿ ಎಂದರು. ನಾನು ಯಾರಿಗೂ ಅರ್ಥವಾಗದ ಹಾಗೆ ಬರೆದುಕೊಟ್ಟೆ. "ವೃತ್ತಿಪರರಿಗಾಗಿ ಮಧ್ಯಮ ಗಾತ್ರದ ಯಂತ್ರಗರಗಸ" ಎಂದು ಶುರುವಾಗಿ, "ಕೈಯಲ್ಲಿ ಹೂವಿನಂತೆ ಹಗುರ" ಎಂದು ಮುಗಿಯುತ್ತಿತ್ತು. ಅಂಗಡಿಯವರಿಗೆ ಬಹಳ ಸಂತೋಷವಾಯಿತು. ಒಂದು ಒಳ್ಳೆಯ ಕೊಡೆ ಕೊಟ್ಟರು. ಹಳದಿ ಕೊಡೆ, ಮೇಲೆ ಕಂಪನಿಯ ಹೆಸರು.

ಮೂರು ತಿಂಗಳಾಗಿರಲಿಲ್ಲ, ತೀರ್ಥಹಳ್ಳಿಯಲ್ಲಿ ಕೃಷಿ ಯಂತ್ರಗಳ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಅವನದು ನೀಲಿ ಮಿಷನ್ನು, ಹಳದಿಗೆ ನೇರ ಎದುರಾಳಿ. ಸಾಗರದಲ್ಲಿ ಯಾರೋ ಹಳದಿಯವರಿಗೆ ಭಾರಿ ಚೆನ್ನಾಗಿ ಬರೆದುಕೊಟ್ಟಿದ್ದಾರೆ, ಅದಕ್ಕಿಂತ ಚೆನ್ನಾಗಿ ನೀವು ಬರೆಯಬೇಕು ಎಂದ. ಆ ಯಾರೋ ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಬಂದದ್ದು ಛಲ. ಹಳದಿಯವನಿಗೆ ಮಣ್ಣು ಮುಕ್ಕಿಸಬೇಕೆಂದು ಎರಡು ದಿನ ರಜೆ ಹಾಕಿ ಬರೆದೆ. ಅಲ್ಲಿಯೂ ಎಲ್ಲಿಂದಲೋ ಆ ಹೂವು ಬಂದು ಕೂತುಬಿಟ್ಟಿತು. ಶಿಷ್ಯ ನನಗೆ ನೀಲಿ ಶಾಲು ಹೊದಿಸಿದ. ಅಂದಿನಿಂದ ತೀರ್ಥಹಳ್ಳಿಗೆ ಹೋಗುವಾಗ ಕೊಡೆ ಮನೆಯಲ್ಲಿ ಬಿಟ್ಟು ಶಾಲು ಹೊದ್ದುಕೊಳ್ಳುವುದು, ಸಾಗರದ ಪೇಟೆಗೆ ಹೋಗುವಾಗ ಶಾಲು ಬಿಟ್ಟು ಕೊಡೆ ಹಿಡಿಯುವುದು ನನ್ನ ಅಭ್ಯಾಸವಾಯಿತು.

ಮಿಷನ್ನುಗಳ ಹೆಸರು ಹೇಳುವುದಿಲ್ಲ. ಎರಡು ಕಂಪನಿಗಳೂ ತಮ್ಮ ಪುಸ್ತಿಕೆಯಲ್ಲಿ ಇದ್ದುದನ್ನು ಇದ್ದ ಹಾಗೆ ಬರೆದಿದ್ದವು. ಮೋಸವೇನಿದ್ದರೂ ಕನ್ನಡದಲ್ಲಿತ್ತು.

ನಾನು ಮೈಗಳ್ಳನೇನೂ ಅಲ್ಲ. ನೀಲಿಯದನ್ನು ಬರೆಯುವ ಮೊದಲು ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಗೆರೆ ಹಾಕಿ ಎರಡು ಮಿಷನ್ನುಗಳನ್ನೂ ಪಕ್ಕಪಕ್ಕದಲ್ಲಿ ಕೂರಿಸಿದ್ದೆ. ಎರಡಕ್ಕೂ ಹದಿನೆಂಟು ಇಂಚಿನ ಬಾರು, ಅಂದರೆ ಹಲ್ಲಿನ ಚೈನು ಸುತ್ತುವ ಉದ್ದನೆಯ ಪಟ್ಟಿ. ಎಂಜಿನ್ನು ಹಳದಿಯದು ತುಸು ದೊಡ್ಡದು, ನೀಲಿಯದು ಪೆಟ್ರೋಲು ಕಡಿಮೆ ಕುಡಿಯುವಂಥದು. ತೂಕದ ವ್ಯತ್ಯಾಸ ಒಂದು ಸಣ್ಣ ತೆಂಗಿನಕಾಯಿಯಷ್ಟು. ಗಾಳಿ ಸೋಸುವ ಫಿಲ್ಟರನ್ನು ನೀಲಿಯಲ್ಲಿ ಬೆರಳಿನಿಂದಲೇ ಬಿಚ್ಚಬಹುದು, ಹಳದಿಗೆ ಸ್ಕ್ರೂ ಡ್ರೈವರ್ ಬೇಕು. ಒಂದೊಂದಕ್ಕೂ ಅಂಕ ಹಾಕಿ ಕೂಡಿಸಿದಾಗ ಹಳದಿ ಪ್ರಥಮ ದರ್ಜೆಯಲ್ಲಿ ಪಾಸಾಯಿತು, ನೀಲಿಗೆ ಸ್ವಲ್ಪದರಲ್ಲಿ ತಪ್ಪಿತು. ಹತ್ತು ಹುಡುಗರ ಭವಿಷ್ಯವನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸಿ ಅಭ್ಯಾಸವಿದ್ದವನಿಗೆ ಎರಡು ಗರಗಸ ಯಾವ ಲೆಕ್ಕ?

ಆದರೆ ಎರಡು ಪುಸ್ತಿಕೆಗಳಲ್ಲೂ ಕೊನೆಗೊಂದು ಸಾಲಿತ್ತು. ಹಿಡಿಕೆಯಲ್ಲಿ ಮಿಷನ್ನು ಎಷ್ಟು ನಡುಗುತ್ತದೆ ಎಂಬುದರ ಅಳತೆ ಅದು. ಹಳದಿಯ ಸಂಖ್ಯೆ ನೀಲಿಯದಕ್ಕಿಂತ ಎರಡರಷ್ಟಿತ್ತು. ಅದನ್ನು ನಾನು ಗಮನಿಸಿದ್ದೆ. ಸಂಖ್ಯೆಯ ಪಕ್ಕದಲ್ಲಿ ಮೀಟರು, ಸೆಕೆಂಡು, ಅದರ ತಲೆಯ ಮೇಲೊಂದು ಪುಟ್ಟ ಎರಡು ಇತ್ತು. ವಿಜ್ಞಾನದ ಮೇಷ್ಟರನ್ನು ಕೇಳಬಹುದಿತ್ತು, ಅವರೂ ನಾನೂ ಆಗ ಮಾತು ಬಿಟ್ಟಿದ್ದೆವು. "ಕಂಪನ" ಎಂದು ಬರೆದು ನೋಡಿದೆ, ಭೂಕಂಪದ ಹಾಗೆ ಕೇಳಿಸಿತು. ಹೊಡೆದುಹಾಕಿದೆ. ನೀಲಿಯ ಕರಪತ್ರದಲ್ಲಿ ಆ ಜಾಗ ಖಾಲಿ ಬಿಟ್ಟೆ. ಹಳದಿಯದರಲ್ಲಿ ಮಾತ್ರ ಅಲ್ಲೊಂದು ಪದ್ಯ ಹುಟ್ಟಿಕೊಂಡಿತ್ತು:

ಹಲ್ಲು ಹಲ್ಲು ಮುತ್ತು ನೋಡು,
ಹೆಮ್ಮರಕ್ಕೆ ಕುತ್ತು ನೋಡು,
ಹೊತ್ತು ತಂದ ಮನೆಗೆ ಎಂದೂ
ಮುಗಿಯದಂಥ ಸೊತ್ತು ನೋಡು.

ನಗಬೇಡಿ. ಆಗ ಅದು ಚೆನ್ನಾಗಿದೆ ಎಂದೇ ನನಗನ್ನಿಸಿತ್ತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಕೆರಿಯಪ್ಪ ಬಂದ. ಹೊಸನಗರದ ಕಡೆಯವನು, ಮರ ಕೊಯ್ಯುವುದೇ ಕಸುಬು. ರಸ್ತೆಗೆ ಮರ ಬಿದ್ದರೆ, ಮನೆಯ ಮೇಲೆ ವಾಲಿದ ಮರ ಇಳಿಸಬೇಕಾದರೆ ಸುತ್ತಿನ ಊರಿನವರೆಲ್ಲ ಅವನಿಗೇ ಹೇಳಿಕಳಿಸುತ್ತಿದ್ದರು. ಹಿಂದೆ ನಮ್ಮ ಕಾಲೇಜಿನ ಹೆಂಚಿನ ಮೇಲೆ ವಾಲಿದ್ದ ಗಾಳಿಮರವನ್ನು ಒಂದು ಹೆಂಚೂ ಒಡೆಯದ ಹಾಗೆ ಇಳಿಸಿದವನು ಅವನೇ. ಆ ಪರಿಚಯದ ಮೇಲೆ ಬಂದು ಜಗಲಿಯಲ್ಲಿ ಕೂತ. ಬಾಡಿಗೆ ಮಿಷನ್ನು ಸಾಕಾಗಿದೆ, ಸ್ವಂತದ್ದೊಂದು ತೆಗೆದುಕೊಳ್ಳಬೇಕು ಎಂದ. ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ನನ್ನ ಮುಂದೆ ಹರಡಿದ. ಒಂದು ಹಳದಿ, ಒಂದು ನೀಲಿ.

ನನ್ನ ಎರಡು ಮಕ್ಕಳು ಒಟ್ಟಿಗೆ ಮನೆಗೆ ಬಂದ ಹಾಗಾಯಿತು. ಮುಖದಲ್ಲಿ ಏನೂ ತೋರಿಸದೆ ಎರಡನ್ನೂ ಮೊದಲ ಸಲ ನೋಡುವವನಂತೆ ಕನ್ನಡಕ ಏರಿಸಿ ಓದಿದೆ. ನಡುವೆ ಒಮ್ಮೆ, "ಪರವಾಗಿಲ್ಲ, ಯಾರೋ ತಿಳಿದವರೇ ಬರೆದಿದ್ದಾರೆ" ಎಂದೂ ಸೇರಿಸಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಎಂಜಿನ್ನು, ಪೆಟ್ರೋಲು, ಬಾರು, ಫಿಲ್ಟರು ಎಲ್ಲದರ ಮೇಲೂ ನಾನೊಂದು ಪೂರ್ಣ ಪಿರಿಯಡ್ಡಿನ ಪಾಠ ಮಾಡಿದೆ. ಕೆರಿಯಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

"ಕೈಗೆ ಹೆಂಗೆ ಮೇಷ್ಟ್ರೆ? ಈಗಿನ ಮಿಷನ್ ಹಿಡಿದ್ರೆ ಸಂಜೆ ಹೊತ್ತಿಗೆ ಬೆರಳು ಜೋಮು ಹಿಡೀತದೆ. ಅದೊಂದು ನೋಡಿ ಹೇಳಿ. ಬೇರೆ ಎಂತದಾದ್ರೂ ನಾನು ಸುಧಾರಿಸ್ಕತೀನಿ."

ನನಗೆ ಆ ಕೊನೆಯ ಸಾಲು ನೆನಪಾಯಿತು. ಎರಡರಷ್ಟು ದೊಡ್ಡದಿದ್ದ ಸಂಖ್ಯೆಯೂ ನೆನಪಾಯಿತು. ಎರಡು ಇಂಗ್ಲಿಷ್ ಪುಸ್ತಿಕೆಗಳೂ ಒಳಗೆ ಮೇಜಿನ ಡ್ರಾಯರಿನಲ್ಲಿದ್ದವು, ಜಗಲಿಯಿಂದ ಹತ್ತು ಹೆಜ್ಜೆ. ಆದರೆ ಅವನ್ನು ಹೊರಗೆ ತಂದರೆ ಅವು ನನ್ನ ಮನೆಯಲ್ಲಿ ಯಾಕಿವೆ ಎಂದು ಹೇಳಬೇಕಾಗುತ್ತಿತ್ತು. ಎರಡು ಕಡೆಯೂ ಹೊಗಳಿ ಬರೆದವನು ಇವನೇ ಎಂದಾಗುತ್ತಿತ್ತು. ಜಗಲಿಯ ಗೂಟದಲ್ಲಿ ಹಳದಿ ಕೊಡೆ, ಒಳಗೆ ಹಗ್ಗದ ಮೇಲೆ ನೀಲಿ ಶಾಲು. ನಾನು ಕೂತಲ್ಲಿಂದ ಏಳಲಿಲ್ಲ. ಕರಪತ್ರದ ಮೇಲೆ ಬೆರಳಿಟ್ಟು, "ಇಲ್ಲೇ ಬರೆದಿದೆಯಲ್ಲ, ಹೂವಿನಂತೆ ಹಗುರ ಅಂತ" ಎಂದೆ. ನಾನು ಬರೆದದ್ದಕ್ಕೆ ನನ್ನದೇ ಸಾಕ್ಷಿ.

ಯಾವುದು ತೆಗೆದುಕೊಳ್ಳಲಿ ಎಂದು ಅವನು ಮತ್ತೆ ಕೇಳಿದ. ಹಳದಿ ಎಂದೆ. ಎಂಜಿನ್ನು ದೊಡ್ಡದು ಎಂಬ ಕಾರಣ ಕೊಟ್ಟೆ. ಒಳಗಿನ ಕಾರಣ ಬೇರೆ, ಹಳದಿಯದರಲ್ಲಿ ನನ್ನ ಪದ್ಯವಿತ್ತು. ಕೆರಿಯಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎರಡು ಕಾಗದಗಳನ್ನೂ ಇದ್ದ ಮಡಿಕೆಯಲ್ಲೇ ಮಡಚಿಟ್ಟುಕೊಂಡು, ನೀವು ಹೇಳಿದ ಮೇಲೆ ಆಯ್ತು ಎಂದು ಎದ್ದು ಹೋದ. ಆ ವಾರವೇ ಹಳದಿ ತೆಗೆದುಕೊಂಡ ಎಂದು ಅಂಗಡಿಯವರು ಹೇಳಿದರು. ನನಗೆ ಹೆಮ್ಮೆಯಾಯಿತು.

ಇದಾಗಿ ಎಂಟೊಂಬತ್ತು ವರ್ಷ. ನಡುವೆ ನಾನು ನಿವೃತ್ತನಾದೆ, ಕೊಡೆಯ ಕಡ್ಡಿಗಳು ಮುರಿದವು, ಶಾಲು ಇಸ್ತ್ರಿ ಮೇಜಿನ ಹಾಸಾಯಿತು. ಹೋದ ಜನವರಿಯಲ್ಲಿ ತೀರ್ಥಹಳ್ಳಿಯ ಒಂದು ಮದುವೆಗೆ ಹೊರಟು ಹೊಸನಗರದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಮುಂದಿನ ಬಸ್ಸಿಗೆ ಹೊತ್ತಿದ್ದುದರಿಂದ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋದೆ. ಮೂಲೆಯ ಬೆಂಚಿನಲ್ಲಿ ಕೆರಿಯಪ್ಪ ಕೂತಿದ್ದ. ಕೂದಲು ನರೆತಿತ್ತು, ಮೈಕಟ್ಟು ಹಾಗೆಯೇ ಇತ್ತು. ಗುರುತು ಹಿಡಿದು, "ಬಂದ್ರಾ ಮೇಷ್ಟ್ರೆ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಚಹ ಬಂತು. ಅವನು ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದ. ಚಳಿಯಿತ್ತು, ಬೆಚ್ಚಗಾಗಲೆಂದು ಹಾಗೆ ಹಿಡಿದಿದ್ದಾನೆ ಎಂದುಕೊಂಡೆ. ಆಮೇಲೆ ಜೇಬಿನಿಂದ ಚಿಲ್ಲರೆ ತೆಗೆಯಲು ಹೋದ. ಬೆರಳು ಜೇಬಿನೊಳಗೆ ಆಡುತ್ತಿತ್ತು, ನಾಣ್ಯ ಸಿಕ್ಕುತ್ತಿರಲಿಲ್ಲ. ಜೇಬಿನ ಒಳಬಟ್ಟೆಯನ್ನೇ ಹೊರಗೆ ಎಳೆದು ಮೇಜಿನ ಮೇಲೆ ಸುರಿದುಕೊಂಡ. ಅವನ ಬೆರಳ ತುದಿಗಳು ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿದ್ದವು.

ನಾನು ಕೇಳದೆಯೇ ಅವನು ಹೇಳಿದ. ನಾಲ್ಕು ವರ್ಷಕ್ಕೆ ಬೆರಳುಗಳಲ್ಲಿ ಸ್ಪರ್ಶ ಹೋಯಿತಂತೆ. ಡಾಕ್ಟರು ಇದು ಮಿಷನ್ನಿನ ನಡುಕದಿಂದಲೇ ಆದದ್ದು, ಇನ್ನು ಅದನ್ನು ಮುಟ್ಟಲೇಬೇಡ ಎಂದರಂತೆ. ಈಗ ಮರ ಯಾವ ಕಡೆ ಬೀಳುತ್ತದೆಂದು ನೋಡಿ ಹೇಳುವುದಷ್ಟೇ ಅವನ ಕೆಲಸ, ಕೊಯ್ಯುವವರು ಬೇರೆ. ಹಳದಿಯನ್ನು ಅವನು ಬೈಯಲಿಲ್ಲ. ಮರ ಚೆನ್ನಾಗಿ ಕೊಯ್ಯುತ್ತಿತ್ತು, ಕೈಗೆ ಮಾತ್ರ ಆಗಲಿಲ್ಲ ಎಂದ. ಬೇರೆ ಕಂಪನಿಯದು ಹೇಗಿತ್ತಂತೆ ಎಂದು ಕೇಳಿದೆ, ಯಾಕೆ ಕೇಳಿದೆನೋ. ಅವನು ನಕ್ಕ.

"ಇನ್ನು ಹೋಲಿಸಿ ಎಂತ ಮಾಡ್ತೀರಿ ಮೇಷ್ಟ್ರೆ. ಈ ಕೈಗೆ ಈಗ ಎರಡೂ ಒಂದೇ."

ಅಲ್ಲಿಯವರೆಗೆ ತಡೆದುಕೊಂಡಿದ್ದವನು ಹೇಳಿಬಿಟ್ಟೆ. ಎರಡು ಕರಪತ್ರಗಳನ್ನೂ ಬರೆದವನು ನಾನೇ ಎಂದೆ. ಆ ನಡುಕದ ಸಾಲು ನನಗೆ ಗೊತ್ತಿತ್ತು, ಹಳದಿಯದು ಜಾಸ್ತಿ ಎಂದೂ ಗೊತ್ತಿತ್ತು, ಪುಸ್ತಿಕೆಗಳು ಡ್ರಾಯರಿನಲ್ಲೇ ಇದ್ದವು, ನನ್ನ ಮಾನಕ್ಕೆ ಹೆದರಿ ಏಳಲಿಲ್ಲ ಎಂದೆ. ಪಾಠ ಮಾಡಿದಷ್ಟು ಸರಾಗವಾಗಿ ಹೇಳಲು ಬರಲಿಲ್ಲ. ತಡವರಿಸಿದೆ.

ಕೆರಿಯಪ್ಪ ಚಿಲ್ಲರೆಯನ್ನು ಅಂಗೈಯಿಂದ ಬಳಿದು ಒಂದು ಕಡೆ ಮಾಡಿದ.

"ಎರಡೂ ನೀವೇ ಬರ್ದಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು. ಎರಡೂ ಅಂಗಡಿಯವ್ರು ಅದನ್ನೇ ಹೇಳಿ ಕೊಟ್ಟಿದ್ರು, ಸಾಗರದ ಕನ್ನಡ ಮೇಷ್ಟ್ರ ಹತ್ರ ಬರೆಸಿದ್ದು ಅಂತ. ಅದ್ಕೇ ಮತ್ತೆ ನಾನು ನಿಮ್ಮಲ್ಲಿಗೆ ಬಂದಿದ್ದು. ಎರಡನ್ನೂ ಪೂರ್ತಿ ಓದಿದೋರು ನೀವೊಬ್ರೇ ಅಲ್ವಾ. ಕಾಗದದಲ್ಲಿ ಬರೀಲಿಕ್ಕೆ ಆಗದೆ ಇದ್ದದ್ದು ಎದುರಿಗೆ ಕೂತ್ರೆ ಹೇಳ್ತೀರಿ ಅಂದ್ಕಂಡೆ."

ಬಸ್ಸು ಬಂತೆಂದು ಅವನೇ ಎಚ್ಚರಿಸಿದ. ನನ್ನ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬಸ್ಸಿನ ಬಾಗಿಲವರೆಗೆ ತಂದುಕೊಟ್ಟ. ಮದುವೆಯಲ್ಲಿ ನಾನು ಏನು ಉಂಡೆನೋ ನೆನಪಿಲ್ಲ. ಮೂರು ತಾಲ್ಲೂಕಿಗೆ ಗೊತ್ತಿದ್ದ ಗುಟ್ಟನ್ನು ಕಾಪಾಡಲು ನಾನು ಒಬ್ಬ ಮನುಷ್ಯನ ಹತ್ತು ಬೆರಳು ಕೊಟ್ಟಿದ್ದೆ. ಅದೂ ನನ್ನ ಬೆರಳಲ್ಲ.

ಇವತ್ತು ಬೆಳಿಗ್ಗೆ ಕಿಟಕಿ ಮುಚ್ಚಿ ಕೂತವನಿಗೆ ಇಷ್ಟೆಲ್ಲ ನೆನಪಾಯಿತು. ಹೊಗೆ ಕಿಟಕಿಯ ಸಂದಿಯಿಂದಲೂ ಬರುತ್ತದೆ. ಕೊನೆಗೆ ಎದ್ದು ಕಿಟಕಿ ತೆಗೆದೆ. ಮಿಷನ್ನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮರ ಕೊಯ್ಯುತ್ತಿದ್ದವನು ಗೇಟಿನ ಹತ್ತಿರ ಬಂದು ಕುಡಿಯಲು ನೀರು ಕೇಳಿದ. ಮೂವತ್ತು ಮೂವತ್ತೈದರ ಆಳು, ಕೂದಲ ತುಂಬ ಮರದ ಹುಡಿ. ನಾನೇ ಚೊಂಬು ತಂದುಕೊಟ್ಟೆ. ಒಂದೇ ಕೈಯಲ್ಲಿ ಹಿಡಿದು, ತುಟಿಗೆ ತಾಗಿಸದೆ, ಎತ್ತಿ ಕುಡಿದ. ಒಂದು ಹನಿಯೂ ಆಚೀಚೆ ಆಗಲಿಲ್ಲ. ನಾನು ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ.

ಸಂಜೆ ಹೊತ್ತಿಗೆ ಕೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿದೆ. ಒಂದೊಂದು ದಿನ ಹಿಡಿಯುತ್ತದೆ, ಮಿಷನ್ನು ಹಳೆಯದು, ಹೊಸದು ನೋಡುತ್ತಿದ್ದೇನೆ ಎಂದ. ಅಂಗಡಿಯಲ್ಲಿ ಎರಡು ಮೂರು ತರದ್ದು ತೋರಿಸಿ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದಾರೆ, ಒಂದಕ್ಷರ ತಲೆಗೆ ಹೋಗುವುದಿಲ್ಲ ಎಂದ.

ಎಲ್ಲ ಪುಸ್ತಕಗಳನ್ನೂ ಇಲ್ಲಿಗೆ ತೆಗೆದುಕೊಂಡು ಬಾ, ಅದರಲ್ಲಿ ಹಿಡಿಕೆಯ ನಡುಕದ ಸಾಲೊಂದು ಇರುತ್ತದೆ, ಸಂಖ್ಯೆ ಎಷ್ಟು ಕಡಿಮೆಯೋ ಅಷ್ಟು ಕೈಗೆ ಒಳ್ಳೆಯದು, ಅದನ್ನು ಓದಿ ಹೇಳುತ್ತೇನೆ ಎಂದೆ. ಅವನು ಚೊಂಬು ಹಿಂದಕ್ಕೆ ಕೊಡುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಿಷನ್ ಬಗ್ಗೆ ನಿಮಗೆ ಚೆನ್ನಾಗಿ ಗೊತ್ತಾ ಸಾರ್?"

"ಗೊತ್ತಿಲ್ಲ" ಎಂದೆ.